ಹದಿನೆಂಟು ಇಂಚಿನ ಲೆನ್ಸ್

“ಕಾಲು ನೋಡದೆ ಚಪ್ಪಲಿ ತರೋರುಂಟಾ, ಪುಟ್ಟಿ? ಮೊದಲು ಕ್ಯಾಮೆರಾ ನೋಡೋಣ. ಲೆನ್ಸಿನ ಮಾತು ಆಮೇಲೆ,” ಎಂದರು ಸ್ಟುಡಿಯೋ ಮಾಮ.

ಎಂಬತ್ತು ದಾಟಿದ ಕೈಗಳು. ನೀರಿನ ಲೋಟ ಎತ್ತುವಾಗ ನಡುಗುತ್ತಿದ್ದ ಆ ಕೈಗಳು ಮೂಲೆಯ ಮೂರುಕಾಲಿನ ಸ್ಟ್ಯಾಂಡಿನ ಹತ್ತಿರ ಹೋದದ್ದೇ ತಡ, ಗಟ್ಟಿಯಾದವು. ಮಾಮ ಕಪ್ಪು ಬಟ್ಟೆಯನ್ನು ಮೆಲ್ಲಗೆ ಸರಿಸಿದರು. ಅದೇ ದೊಡ್ಡ ಮರದ ಕ್ಯಾಮೆರಾ. ಹಿತ್ತಾಳೆಯ ತಿರುಪುಗಳು ಈಗಲೂ ಫಳಫಳ.

ಈ ಕ್ಯಾಮೆರಾ ಎಂದೋ ಮಾರಿಹೋಗಿರಲಿ ಎಂದು ಅಳತೆಯಮ್ಮನ ಅರ್ಧ ಮನಸ್ಸು ಹಾರೈಸಿತ್ತು. ಉಳಿದರ್ಧ ಇರಲಿ ಎಂದಿತ್ತು. ಇತ್ತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಸರಪಳಿ ಎಳೆದು ನೆಲ ಅಳೆದವಳು ಅವಳು. ಕೆಲಸ ಬಿಟ್ಟ ಮೇಲೂ ಕೈಚೀಲದಲ್ಲಿ ಟೇಪು ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಬೇಲಿ ಜಗಳದಿಂದ ಹಿಡಿದು ಕಳ್ಳತನದವರೆಗೆ ಊರವರು ಅವಳನ್ನೇ ಕರೆಯುತ್ತಾರೆ. ಅಳತೆಯಮ್ಮ ಬಂದರೆ ಸುಳ್ಳಿಗೆ ಗೇಣು ಜಾಗವೂ ಉಳಿಯುವುದಿಲ್ಲ ಎಂದು ಮಾತು. ಆದರೆ ಕಂಡವರ ಸುಳ್ಳು ಅಳೆಯುವುದು ಬೇರೆ, ಎತ್ತಿ ಆಡಿಸಿದವರ ಸುಳ್ಳು ಅಳೆಯುವುದು ಬೇರೆ.

ಎರಡು ದಿನದ ಹಿಂದೆ, ಕೋರ್ಟಿನ ದಾಖಲೆ ಕೋಣೆಯಲ್ಲಿ, ಅಣ್ಣನನ್ನು ಎಂಟು ವರ್ಷ ಜೈಲಿಗೆ ಕಳಿಸಿದ ಆ ಫೋಟೋವನ್ನು ಅವಳು ಮೊದಲ ಸಲ ಕಣ್ಣಾರೆ ನೋಡಿದ್ದಳು.

ಮೂವತ್ತು ವರ್ಷದ ಹಿಂದೆ ನೂಲಿನ ಗಿರಣಿಯ ಉಗ್ರಾಣ ಸುಟ್ಟುಹೋದ ದಿನದ ಫೋಟೋ ಅದು. ಗಿರಣಿಯ ಗೋಪುರದ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಗೋಪುರದ ಕೆಳಗೆ, ಉಗ್ರಾಣದ ಗೋಡೆಯ ಕಬ್ಬಿಣದ ಏಣಿಯ ಮೇಲೆ ಒಬ್ಬ ಮನುಷ್ಯ. ನಮಗೆ ಬೆನ್ನು ಹಾಕಿದ್ದಾನೆ, ಮುಖ ಕಾಣುವುದಿಲ್ಲ. ಮೊಣಕಾಲು ಮುಟ್ಟುವ ಬಿಳಿ ಕೋಟು, ಸೊಂಟಕ್ಕೆ ಕಪ್ಪು ಪಟ್ಟಿ.

ಊರಿನಲ್ಲಿ ಅಂಥ ಕೋಟು ಇದ್ದದ್ದು ಎರಡೇ. ಒಂದು ಸ್ಟುಡಿಯೋ ಮಾಮನದು. ಇನ್ನೊಂದು ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಅಣ್ಣನದು. ಫೋಟೋ ತೆಗೆದವನು ನಾನೇ ಎಂದು ಮಾಮ ಸಾಕ್ಷಿ ಹೇಳಿದ್ದರು. ಒಂದು ಕೋಟು ಕ್ಯಾಮೆರಾದ ಹಿಂದೆ ಇದ್ದರೆ ಏಣಿಯ ಮೇಲಿನ ಕೋಟು ಯಾರದು? ಲೆಕ್ಕ ಅಲ್ಲಿಗೆ ಮುಗಿದಿತ್ತು. ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ.

ಇವತ್ತು ಗುರುವಾರ. ಶನಿವಾರ ಕೋರ್ಟಿನವರು ಹಳೆಯ ಕಡತಗಳನ್ನೆಲ್ಲ ಒಲೆಗೆ ಹಾಕುತ್ತಾರೆ. ಅಷ್ಟರೊಳಗೆ ಆ ಸಾಕ್ಷಿಯೇ ತಾನು ಹೇಳಿದ್ದು ಸುಳ್ಳೆಂದು ಬರೆದುಕೊಟ್ಟರೆ ಕಡತ ಉಳಿಯುತ್ತದೆ, ಅಣ್ಣನ ಹೆಸರು ತೊಳೆಯಬಹುದು. ಇಲ್ಲವಾದರೆ ಅಣ್ಣ ಸಾಯುವ ತನಕ ಬೆಂಕಿ ಇಟ್ಟವನೇ.

“ಏನು ಹಾಗೇ ನಿಂತ್ಬಿಟ್ಟೆ? ಬಾ, ತಲೆ ಹಾಕು,” ಮಾಮ ಕಪ್ಪು ಬಟ್ಟೆ ಎತ್ತಿ ಹಿಡಿದರು.

ಅಳತೆಯಮ್ಮ ಬಗ್ಗಿ ಒಳಗೆ ತಲೆ ಹಾಕಿದಳು. ಹಳೆಯ ಬಟ್ಟೆಯ ವಾಸನೆ, ಮರದ ಎಣ್ಣೆಯ ವಾಸನೆ, ದೂರದಲ್ಲೆಲ್ಲೋ ಫೋಟೋ ತೊಳೆಯುವ ಹೈಪೋದ ಹುಳಿ. ಎದುರಿನ ಉಜ್ಜುಗಾಜಿನ ಮೇಲೆ ಬಾಗಿಲಾಚೆಯ ಬೀದಿ ತಲೆಕೆಳಗಾಗಿ ತೂಗುತ್ತಿತ್ತು. ಸೈಕಲ್ಲೊಂದು ಆಕಾಶದಲ್ಲಿ ಉರುಳಿಹೋಯಿತು.

ಏಳು ವರ್ಷದವಳಿದ್ದಾಗ ಇದೇ ಬಟ್ಟೆಯೊಳಗೆ ಸ್ಟೂಲು ಹಾಕಿಕೊಂಡು ನಿಲ್ಲುತ್ತಿದ್ದಳು. ಅಣ್ಣ ಬೇಕೆಂದೇ ಬೀದಿಯಲ್ಲಿ ಆ ಕಡೆಯಿಂದ ಈ ಕಡೆಗೆ ಕುಣಿಯುತ್ತ ಬರುತ್ತಿದ್ದ. ಗಾಜಿನ ಮೇಲೆ ತಲೆಯಲ್ಲಿ ನಡೆಯುವ ಅಣ್ಣನನ್ನು ನೋಡಿ ಅವಳು ನಕ್ಕೂ ನಕ್ಕೂ ಬಿಕ್ಕಳಿಕೆ ಬರಿಸಿಕೊಳ್ಳುತ್ತಿದ್ದಳು. ಅಮ್ಮ ತೀರಿಕೊಂಡ ವರ್ಷವೂ ಅವಳನ್ನು ನಗಿಸಿದ್ದು ಈ ಗಾಜೊಂದೇ. ಅಪ್ಪ ಗಿರಣಿಯ ಉಗ್ರಾಣದ ಮೇಲ್ವಿಚಾರಕರು, ಬೆಳಿಗ್ಗೆ ಹೋದರೆ ರಾತ್ರಿ. ಇಬ್ಬರು ಮಕ್ಕಳಿಗೂ ಈ ಸ್ಟುಡಿಯೋವೇ ಎರಡನೆಯ ಮನೆ, ಮಾಮನೇ ಇನ್ನೊಬ್ಬ ಅಪ್ಪ. ರಕ್ತ ಸಂಬಂಧ ಏನೂ ಇಲ್ಲ. ಬೀದಿಗೆಲ್ಲ ಅವರು ಮಾಮ.

ಅವಳು ಕಣ್ಣೊರೆಸಿಕೊಂಡೇ ಬಟ್ಟೆಯಿಂದ ಹೊರಬಂದಳು.

“ಧೂಳು,” ಎಂದಳು.

“ಹೂಂ, ಧೂಳು,” ಎಂದರು ಮಾಮ. “ಈಗ ಹೇಳು. ಏನು ತೆಗೀಬೇಕು ಅಂತಿದೀಯ?”

“ದೂರದ್ದು. ಬೆಟ್ಟ, ಗೋಪುರ, ಹೀಗೆ. ಕೈ ಕಟ್ಕೊಂಡು ಕೂತ್ರೆ ಹೊತ್ತು ಹೋಗಲ್ಲ ಮಾಮ.”

“ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಕಟ್ಟಿದೋನು ಉದ್ದ ಲೆನ್ಸ್ ಹಾಕಿ ನೋಡಿರ್ಲಿಲ್ಲ ಬಿಡು!”

ತಮ್ಮ ಜೋಕಿಗೆ ತಾವೇ ಮೊದಲು ನಗುವ ಅಭ್ಯಾಸ ಮಾಮನಿಗೆ ಮೊದಲಿನಿಂದಲೂ ಇತ್ತು. ನಗುತ್ತಲೇ ಬೀರು ತೆರೆದು ಎರಡು ಮರದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಒಂದರಲ್ಲಿ ಹನ್ನೆರಡು ಇಂಚಿನ ಲೆನ್ಸ್, ಇನ್ನೊಂದರಲ್ಲಿ ಹದಿನೆಂಟು ಇಂಚಿನದು. ಹತ್ತು ವರ್ಷದಿಂದ ಇಂಥದ್ದನ್ನು ಕೇಳಿಕೊಂಡು ಯಾರೂ ಈ ಮೆಟ್ಟಿಲು ಹತ್ತಿರಲಿಲ್ಲ. ಮಾಮನ ಮುಖ ನೋಡಿ ಅಳತೆಯಮ್ಮನಿಗೆ ತನ್ನ ಮೇಲೇ ಅಸಹ್ಯವಾಯಿತು. ಪ್ರೀತಿಯನ್ನೇ ಎರೆ ಮಾಡಿ ಗಾಳ ಹಾಕಿದ್ದಳಲ್ಲ.

“ಇವೆರಡೇ ನನ್ನ ಹತ್ರ ಇರೋ ಉದ್ದದ್ದು. ಯಾವ್ದು ಬೇಕು ನಿಂಗೆ?”

ಅವಳು ಬೇಕೆಂದೇ ಹದಿನೆಂಟಕ್ಕೆ ಕೈ ಹಾಕಿದಳು. ಮಾಮ ಪಟ್ಟನೆ ಅವಳ ಕೈಗೆ ಹೊಡೆದರು, ಥೇಟ್ ಹಿಂದಿನ ಹಾಗೆ.

“ದುರಾಸೆ! ಉದ್ದ ಇದ್ದಷ್ಟೂ ಒಳ್ಳೇದು ಅಂತ ತಿಳ್ಕೊಂಡ್ಯಾ? ಇಲ್ ನೋಡು.”

ಕ್ಯಾಮೆರಾದ ಮುಂದಿನ ಹಲಗೆಗೂ ಹಿಂದಿನ ಗಾಜಿಗೂ ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿದ್ದ ಕಪ್ಪು ತೊಗಲಿನ ಚೀಲವನ್ನು ಅವರು ಬೆರಳಿನಿಂದ ಸವರಿದರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಅಷ್ಟೇ ವಿದ್ಯೆ ಇದು. ಈ ತಿದಿ ಹಾಸಿಗೆ. ಲೆನ್ಸು ಕಾಲು. ಹನ್ನೆರಡು ಇಂಚಿನ ಲೆನ್ಸು ದೂರದ್ದನ್ನ ಚೂಪಾಗಿ ತೋರಿಸ್ಬೇಕಾದ್ರೆ ಗಾಜಿನಿಂದ ಹನ್ನೆರಡು ಇಂಚು ಮುಂದೆ ನಿಲ್ಬೇಕು. ಹದಿನೆಂಟರದ್ದು ಹದಿನೆಂಟು ಇಂಚು ಮುಂದೆ. ಹತ್ತಿರದ್ದು ತೆಗೀತೀನಿ ಅಂದ್ರೆ ಇನ್ನೂ ಜಾಸ್ತಿ.”

“ತಿದಿ ಅಷ್ಟು ಬಿಚ್ಚದೇ ಹೋದ್ರೆ?”

“ಗಾಜಿನ ಮೇಲೆ ಮಂಜು. ಬೆಟ್ಟ ಯಾವ್ದು, ಎಮ್ಮೆ ಯಾವ್ದು, ಒಂದೂ ಗೊತ್ತಾಗಲ್ಲ.”

“ಮತ್ತೆ ಈ ಹದಿನೆಂಟು ಯಾಕಿಟ್ಕೊಂಡಿದೀರಿ?”

“ನಮ್ಮ ಗುರುಗಳು ಕೊಟ್ಟು ಹೋದದ್ದು. ಅವರ ಕ್ಯಾಮೆರಾ ಇದರ ಒಂದೂವರೆ ಪಟ್ಟು ದೊಡ್ಡದು. ಅದು ಅವರ ಜೊತೇಲೇ ಹೋಯ್ತು, ಇದು ಉಳೀತು. ಭಾರ ನೋಡು ಇದರದ್ದು! ಇದಕ್ಕೆ ಹಾಕಿದ್ರೆ ಮುಂದಿನ ಹಲಗೆ ಮೂತಿ ಜೋಲು ಹಾಕುತ್ತೆ.”

ಮಾಮ ತಪ್ಪಿಸಿಕೊಳ್ಳಬಹುದಾದ ಒಂದು ಬಾಗಿಲು ಮುಚ್ಚಿತು. ಇನ್ನೊಂದು ಉಳಿದಿತ್ತು.

“ಟೆಲಿ ಲೆನ್ಸ್ ಅಂತ ಬರುತ್ತಂತಲ್ಲ ಮಾಮ. ಉದ್ದ ಹದಿನೆಂಟಿದ್ರೂ ತಿದಿ ಹನ್ನೆರಡು ಬಿಚ್ಚಿದ್ರೆ ಸಾಕಂತೆ.”

“ಬರುತ್ತೆ. ಬೇರೆಯವರ ಅಂಗಡಿಗೆ ಬರುತ್ತೆ,” ಮಾಮ ಮೂಗು ಮುರಿದರು. “ಹಲಗೆ ಸ್ವಲ್ಪ ಓರೆ ಮಾಡಿದ್ರೆ ಸಾಕು, ಚಿತ್ರ ಹಿಡಿತಕ್ಕೇ ಸಿಗದೆ ಓಡಿಹೋಗುತ್ತೆ. ಮೇಲೆ ಎತ್ತಿದ್ರೆ ಮೂಲೆ ಕಪ್ಪು. ಒಂದು ದಿನಾನೂ ನಾನು ಟೆಲಿ ಮುಟ್ಟಿದೋನಲ್ಲ. ಆಣೆ ಮಾಡಿ ಹೇಳ್ತೀನಿ.”

ಆ ಬಾಗಿಲನ್ನೂ ಅವರೇ ಎಳೆದು ಚಿಲಕ ಹಾಕಿದರು.

“ಹನ್ನೆರಡು ತಗೋ ಪುಟ್ಟಿ. ದೂರಕ್ಕೂ ಆಯ್ತು, ಮುಖ ತೆಗೆಯೋಕೂ ಎರಡು ಇಂಚು ಮಿಗುತ್ತೆ. ಗಾಳಿ ಬಂದ್ರೂ ಅಲ್ಲಾಡಲ್ಲ. ಬಡವನ ಮನೆ ಸೊಸೆ ಹಾಗೆ, ಎಲ್ಲಾದಕ್ಕೂ ಹೊಂದ್ಕೊಳ್ಳುತ್ತೆ.”

ಎರಡು ಇಂಚು ಮಿಗುತ್ತದೆ. ಅಳತೆಯಮ್ಮ ಕೈಚೀಲದಿಂದ ಟೇಪು ತೆಗೆದಳು. ಮಾತಾಡದೆ ಕ್ಯಾಮೆರಾದ ತಿರುಪು ತಿರುಗಿಸಿ ಹಲಗೆಯನ್ನು ಕೊನೆಯವರೆಗೆ ಮುಂದೆ ಓಡಿಸಿದಳು. ತಿದಿಯ ಮಡಿಕೆಗಳೆಲ್ಲ ಬಿಚ್ಚಿ ಬಿಗಿಯಾದವು. ಟೇಪು ಹಿಡಿದಳು.

ಮಾಮನ ನಗು ನಿಂತಿತು.

“ಎಷ್ಟು ಬಂತು?” ಕೇಳಿದರು, ಟೇಪಿನ ಕಡೆ ನೋಡದೆ.

“ಹದಿನಾಲ್ಕು.”

“ಗೊತ್ತು.”

ಅವಳು ಚೀಲದಿಂದ ಮಾಮನ ಸಾಕ್ಷಿ ಹೇಳಿಕೆಯ ನಕಲು ತೆಗೆದು ಓದಿದಳು. “‘ಈ ಚಿತ್ರವನ್ನು ನನ್ನ ಸ್ಟುಡಿಯೋದ ಮಾಳಿಗೆಯ ಮೇಲಿಂದ, ನನ್ನ ದೊಡ್ಡ ಕ್ಯಾಮೆರಾಕ್ಕೆ ಹದಿನೆಂಟು ಇಂಚಿನ ಲೆನ್ಸ್ ಹಾಕಿ, ನಾನೇ ತೆಗೆದೆ.’ ಕೆಳಗೆ ನಿಮ್ಮ ಸಹಿ ಇದೆ ಮಾಮ.”

ಮಾಮ ಹನ್ನೆರಡು ಇಂಚಿನ ಲೆನ್ಸನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

“ಹಾಗಾದ್ರೆ ನೀನು ಲೆನ್ಸ್ ಕೊಳ್ಳೋಕೆ ಬಂದಿಲ್ಲ.”

“ಇಲ್ಲ.”

“ಕೇಳೋರು ಒಬ್ಬರು ಬಂದ್ರಲ್ಲ ಅಂತ ಖುಷಿಯಾಗಿತ್ತು ನಂಗೆ.”

ಕಪಾಳಕ್ಕೆ ಹೊಡೆದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಆದರೆ ಎಂಟು ವರ್ಷ ಜೈಲಿನ ಗೋಡೆ ನೋಡಿದವನು ಅಣ್ಣ. ಹೊರಗೆ ಬಂದ ಮೇಲೆ ಬೇರೆ ಊರಿನ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿರುವವನು, ಇಂದಿಗೂ ಮನೆಯ ಮೆಟ್ಟಿಲು ಹತ್ತದವನು. ಅಪ್ಪನಿಗೆ ಈಗ ಎಂಬತ್ತೈದು, ಅವಳ ಜೊತೆಯಲ್ಲೇ ಇದ್ದಾರೆ. ಮಗನ ಹೆಸರೆತ್ತಿದರೆ ಊಟ ಅರ್ಧಕ್ಕೆ ಬಿಟ್ಟು ಏಳುತ್ತಾರೆ.

“ಏನೋ ಮರ್ತು ಹೇಳಿರ್ಬೇಕು,” ಮಾಮ ಎಂದರು. “ಹನ್ನೆರಡೇ ಹಾಕಿದ್ದೆ ಅಂತ ಇಟ್ಕೋ. ಅದ್ರಲ್ಲೇನಿದೆ?”

“ಹನ್ನೆರಡು ಹಾಕಿದ್ರೆ ಇಲ್ಲಿಂದ ಗೋಪುರ ಅಷ್ಟು ದೊಡ್ಡದಾಗಿ ಬರಲ್ಲ. ನಿಮ್ಮ ಮಾಳಿಗೆಯಿಂದ ಗೋಪುರಕ್ಕೆ ಸಾವಿರದಿನ್ನೂರು ಹೆಜ್ಜೆ, ನಿನ್ನೆ ನಡೆದು ಅಳೆದೆ. ಹನ್ನೆರಡರಲ್ಲಿ ಅದೇ ಅಳತೆ ಬರ್ಬೇಕಾದ್ರೆ ಎಂಟುನೂರು ಹೆಜ್ಜೆಗೆ ಹೋಗ್ಬೇಕು. ಅದೇ ನೇರಕ್ಕೆ ಎಂಟುನೂರು ಹೆಜ್ಜೆಗೆ ಏನಿದೆ ಹೇಳಿ.”

ಉತ್ತರವನ್ನೂ ಅವಳೇ ಹೇಳಿದಳು.

“ನಮ್ಮ ಮನೆ ಇದೆ. ಮಹಡಿ ಕೋಣೆ ಕಿಟಕಿ. ನಾನು ಆಗ ಸರ್ವೇ ತರಬೇತಿಗೆ ಹೋಗಿದ್ದೆ. ಅಪ್ಪ ಆ ದಿನ ಪರಊರಿಗೆ ಹೋಗಿದ್ರು. ಮನೆ ಬೀಗದ ಕೈ ಅಣ್ಣನ ಹತ್ರ ಮಾತ್ರ ಇತ್ತು.”

“ನಾನೇ ಬೀಗದ ಕೈ ಇಸ್ಕೊಂಡು ಹೋಗಿ ತೆಗೆದೆ ಅಂತ ಇಟ್ಕೋ.”

“ಇಟ್ಕೊಳ್ಳೋಕಾಗಲ್ಲ ಮಾಮ. ಕೋರ್ಟಿನ ಕಡತದಲ್ಲಿರೋ ನೆಗೆಟಿವ್ ಅಂಚಲ್ಲಿ ಎರಡು ಕಚ್ಚಿನ ಗುರುತಿದೆ.”

ಇದು ಮಾಮನೇ ಈ ಸ್ಟುಡಿಯೋದಲ್ಲಿ ಹಾಕಿದ ಪದ್ಧತಿ. ದೊಡ್ಡ ಕ್ಯಾಮೆರಾದ ಫಿಲ್ಮು ಒಂದೊಂದೇ ಹಾಳೆ. ಅದನ್ನು ಬೆಳಕು ತಾಗದ ಚಪ್ಪಟೆ ಮರದ ಹೋಲ್ಡರಿಗೆ ತುಂಬಿ ಕ್ಯಾಮೆರಾದ ಹಿಂದೆ ಸಿಗಿಸಬೇಕು. ಆ ಹೋಲ್ಡರಿನ ಒಳಅಂಚಿಗೆ ಅರದಿಂದ ಸಣ್ಣ ಕಚ್ಚು ಹಾಕಿದರೆ, ಅದರಲ್ಲಿ ತೆಗೆದ ಪ್ರತಿ ನೆಗೆಟಿವಿನ ಅಂಚಿನಲ್ಲೂ ಒಂದು ಕಪ್ಪು ಗುರುತು ಮೂಡುತ್ತದೆ. ಚಿತ್ರ ಕೆಟ್ಟರೆ ಯಾರ ಹೋಲ್ಡರು ಸೋರುತ್ತಿದೆ ಎಂದು ತಕ್ಷಣ ತಿಳಿಯುತ್ತದೆ. ಮಾಮನ ಹೋಲ್ಡರುಗಳಿಗೆ ಒಂದು ಕಚ್ಚು. ಅಣ್ಣನವಕ್ಕೆ ಎರಡು.

ಅಣ್ಣ ಆ ಕಚ್ಚು ಹಾಕಿದ ಮಧ್ಯಾಹ್ನ ಅವಳಿಗೆ ನೆನಪಿತ್ತು. ಇದೇ ಮೇಜು. ನಾಲಿಗೆ ಹಲ್ಲಿನ ನಡುವೆ ಹಿಡಿದು ಅರ ಆಡಿಸಿದ್ದ, ಪುಡಿ ಊದಿದ್ದ, ‘ನೋಡೇ, ಇನ್ಮೇಲೆ ನಾನೂ ಫೋಟೋಗ್ರಾಫರ್ರು’ ಎಂದಿದ್ದ. ಮಾಮ ಅವನ ಬೆನ್ನು ತಟ್ಟಿದ್ದರು. ಆ ದಿನ ಅವರಿಬ್ಬರಲ್ಲಿ ಯಾರಿಗೆ ಹೆಚ್ಚು ಹೆಮ್ಮೆ ಎಂದು ಹೇಳುವುದು ಕಷ್ಟವಿತ್ತು.

“ಹಲ್ಲುಜ್ಜೋ ಬ್ರಷ್ಷು, ಹೋಲ್ಡರು, ಇವೆರಡನ್ನ ಒಬ್ಬರದ್ದು ಇನ್ನೊಬ್ಬರು ಮುಟ್ಟಬಾರ್ದು. ಯಾರು ಹೇಳ್ತಿದ್ದ ಮಾತು ಮಾಮ ಇದು?”

ಸ್ಟುಡಿಯೋ ಮಾಮ ಗಿರಾಕಿಗಳ ಬೆಂಚಿನ ಮೇಲೆ ಕುಳಿತರು. ಹಿಂದೆ ಬಣ್ಣ ಮಾಸಿದ ಪರದೆ, ಅದರ ಮೇಲೆ ಬರೆದ ತೋಟ, ತೋಟದ ನಡುವೆ ಎಲ್ಲಿಗೂ ಹೋಗದ ಮೆಟ್ಟಿಲು.

“ನಿಮ್ಮಣ್ಣನೇ ತೆಗೆದದ್ದು,” ಎಂದರು. “ಈ ಹನ್ನೆರಡು ಆಗ ತಾನೇ ಬಂದಿತ್ತು, ಒಂದು ವಾರ ನೋಡಿ ಆಮೇಲೆ ಇಟ್ಕೊಳ್ಳಿ ಅಂತ. ಮನೆ ಕಿಟಕಿಯಿಂದ ಗೋಪುರದ ಗಡಿಯಾರ ತೆಗಿ, ಮುಳ್ಳು ಚೂಪಾಗಿ ಬಂದ್ರೆ ಇದನ್ನೇ ಆರಿಸೋಣ ಅಂತ ನಾನೇ ಕಳಿಸಿದ್ದೆ. ಮುಳ್ಳು ಕೂದಲೆಳೆ ಹಾಗೆ ಬಂತು. ಏಣೀನೂ ಬಂತು.”

“ಮತ್ತೆ ಹದಿನೆಂಟು ಅಂತ ಯಾಕೆ ಹೇಳಿದ್ರಿ?”

“ಪೊಲೀಸರು ಬಂದಾಗ ನೆಗೆಟಿವ್ ಇಲ್ಲೇ ತಂತಿ ಮೇಲೆ ಒಣಗ್ತಿತ್ತು. ಯಾರು ತೆಗೆದದ್ದು ಅಂದ್ರು. ನಾನು ಅಂದೆ. ಎಲ್ಲಿಂದ ಅಂದ್ರು. ಮಾಳಿಗೆ ಮೇಲಿಂದ 
 ಅಂದೆ. ಮಾಳಿಗೆಯಿಂದ ಅಂದ್ಮೇಲೆ ಲೆನ್ಸು ಹದಿನೆಂಟೇ ಆಗ್ಬೇಕು, ಮನಸ್ಸಲ್ಲೇ ಲೆಕ್ಕ ಹಾಕಿದೆ. ಲೆಕ್ಕ ಸರಿ ಇತ್ತು. ತಿದಿ ಸಾಲಲ್ಲ ಅಂತ ಕಟಕಟೇಲಿ ನಿಂತಾಗ ಹೊಳೀತು. ಯಾರಾದ್ರೂ ಎದ್ದು ಕೇಳ್ತಾರೆ, ಆಗ ಒಪ್ಕೊಂಡ್ಬಿಡೋಣ ಅಂತ ಕಾದೆ. ಯಾರೂ ಕೇಳ್ಲಿಲ್ಲ ಪುಟ್ಟಿ. ಮೂವತ್ತು ವರ್ಷ ಕಾದೆ.”

“ಯಾರೂ ಕೇಳದಿದ್ರೆ ನೀವೇ ಹೇಳ್ಬಾರ್ದಿತ್ತಾ?” ಅವಳ ದನಿ ಒಡೆಯಿತು. ಸಿಟ್ಟೂ ಅಳುವೂ ಒಟ್ಟಿಗೆ ಬಂದವು. “ನಿಮ್ಮನ್ನ ದೇವರು ಅಂದ್ಕೊಂಡಿದ್ದ ಅವನು! ನಾನೂ ಅಂದ್ಕೊಂಡಿದ್ದೆ!”

ಮಾಮ ತಲೆ ತಗ್ಗಿಸಿದರು.

ಅಳತೆಯಮ್ಮ ಟೇಪು ಸುತ್ತಿ ಒಳಗಿಟ್ಟಳು. ಇನ್ನುಳಿದ ಲೆಕ್ಕಕ್ಕೆ ಟೇಪು ಬೇಕಿರಲಿಲ್ಲ. ಮೂವತ್ತು ವರ್ಷ ಎಲ್ಲರೂ ಫೋಟೋ ತೆಗೆದೆ ಎಂದ ಮಾಮನ ಮಾತು ನಂಬಿದರೇ ಹೊರತು, ತೆಗೆಯದೇ ಇದ್ದರೆ ಆ ಹೊತ್ತಿಗೆ ಅವರು ಎಲ್ಲಿದ್ದರು ಎಂದು ಯಾರೂ ಯೋಚಿಸಿರಲಿಲ್ಲ.

“ಕೋಟು ಎರಡೇ,” ಎಂದಳು ನಿಧಾನವಾಗಿ. “ಅಣ್ಣನ ಕೋಟು ಕ್ಯಾಮೆರಾ ಹಿಂದಿತ್ತು. ಇನ್ನೊಂದು?”

“ಏಣಿ ಮೇಲಿತ್ತು.”

ಅವರು ಅದನ್ನು ಇಷ್ಟು ಸುಲಭವಾಗಿ ಹೇಳಿಬಿಡುತ್ತಾರೆ ಎಂದು ಅವಳು ಎಣಿಸಿರಲಿಲ್ಲ.

“ಬೆಂಕಿ ಇಟ್ಟಿದ್ದು ನೀವಾ?”

“ಅಲ್ಲ. ನಾನು ಹತ್ತೋ ಹೊತ್ತಿಗೆ ಒಳಗೆ ಹೊಗೆ ತುಂಬಿತ್ತು. ಹೊರಗಿನವರಿಗೆ ಇನ್ನೂ ಗೊತ್ತಾಗಿರ್ಲಿಲ್ಲ. ಒಳಗಿದ್ದ ಒಬ್ಬರನ್ನ ಎಳ್ಕೊಂಡು ಬರೋಕೆ ಹತ್ತಿದೆ.”

“ಹಾಗಿದ್ರೆ ಅದನ್ನೇ ಹೇಳ್ಬಹುದಿತ್ತಲ್ಲ! ಜೀವ ಉಳಿಸೋಕೆ ಹೋದೆ ಅಂತ!”

“ಹೇಳಿದ್ರೆ, ಯಾರ ಜೀವ ಅಂತ ಕೇಳ್ತಿದ್ರು. ಉಗ್ರಾಣಕ್ಕೆ ಹೊರಗಿನಿಂದ ಬೀಗ ಹಾಕಿತ್ತು, ಅವರು ಅದೇ ಏಣಿ ಹತ್ತಿ ಕಿಟಕಿಯಿಂದ ಒಳಗೆ ಇಳಿದದ್ದು ನಾನು ನೋಡಿದ್ದೆ. ಒಳಗೆ ಇದ್ದದ್ದು ಅವರೊಬ್ಬರೇ. ಅವರ ಕೈಲಿ ಸೀಮೆಎಣ್ಣೆ ಡಬ್ಬ ಇತ್ತು.”

ಬೀದಿಯಲ್ಲಿ ಯಾರೋ ಗಿರಾಕಿ ಬಾಗಿಲ ಹತ್ತಿರ ಬಂದು, ಒಳಗಿನ ಮುಖಗಳನ್ನು ನೋಡಿ ಹಿಂದಿರುಗಿದ.

ಮಾಮ ಎದ್ದು ಮೇಜಿನ ಖಾನೆಯಿಂದ ಬಿಳಿ ಹಾಳೆ ತೆಗೆದರು, ಪೆನ್ನಿನ ಮುಚ್ಚಳ ಬಿಚ್ಚಿದರು. “ಬರ್ದು ಕೊಡ್ತೀನಿ. ಒಂದಕ್ಷರ ಬಿಡದೆ ಬರೀತೀನಿ. ನಾಳೆ ಕೋರ್ಟಿಗೆ ನಾನೇ ಬಂದು ಕೊಡ್ತೀನಿ, ನನ್ನನ್ನ ಒಳಗೆ ಹಾಕಿದ್ರೂ ಸರಿ. ಆದ್ರೆ ಬರ್ದ್ರೆ ಆ ಹೆಸರೂ ಬರೀಬೇಕು. ನಿಮ್ಮಣ್ಣ ನೆಗೆಟಿವ್ ತೊಳೆದ ರಾತ್ರೀನೇ ನನ್ನ ಕೇಳಿ ತಿಳ್ಕೊಂಡ. ಆಮೇಲೆ ಎಂಟು ವರ್ಷ ಒಳಗೆ ಕೂತು ಬಾಯಿ ಮುಚ್ಕೊಂಡಿದ್ದು ನನಗೋಸ್ಕರ ಅಲ್ಲ. ಆ ಹೆಸರಿಗೋಸ್ಕರ. ಬರೀಲಾ?”

“ಬರೀರಿ,” ಎಂದಳು ಅಳತೆಯಮ್ಮ. “ಅದು ಯಾರದ್ದೇ ಹೆಸರಾಗ್ಲಿ. ನಂಗೆ ನನ್ನಣ್ಣ ಬೇಕು.”

ಮಾಮ ಹಾಳೆಯ ಮೇಲೆ ತಾರೀಕು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ತಲೆ ಎತ್ತಿ ಅವಳನ್ನು ನೋಡಿದರು.

“ಆ ದಿನ ಅಪ್ಪ ಪರಊರಿಗೆ ಹೋಗಿದ್ರು ಅಂದ್ಯಲ್ಲ. ನಿಂಗೆ ಹಾಗಂತ ಯಾರು ಹೇಳಿದ್ದು, ಪುಟ್ಟಿ?”

ಅವಳ ಕಣ್ಣು ತಾರೀಕಿನ ಕೆಳಗಿನ ಖಾಲಿ ಸಾಲಿಗೆ ಹೋಯಿತು.

“ಅಪ್ಪಾನೇ.”